ಮೈಲೇಜೂ ಬೇಕು, ಓಡಿಸುವ ಖುಷಿಯೂ ಬೇಕು: ಸೆಕೆಂಡ್ ಹ್ಯಾಂಡ್ ಕಾರು ಯಾವುದು ತಗೊಳ್ಳಲಿ?

ಎಂಟನೇ ತಿರುವು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಈಗಿನ ಕಾರಿಗೆ ಹದಿನಾರು ವರ್ಷ. ಇನ್ನು ಅದಕ್ಕೆ ದುಡ್ಡು ಸುರಿಯುವುದು ಸಾಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ತೀರ್ಮಾನ ಮಾಡಿದ್ದು ನಾನಲ್ಲ. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡೇ ಗತಿ.

ದಿನಾ ಕೆಲಸಕ್ಕೆ ಹೋಗಿ ಬರೋಕೆ 40 ಕಿ.ಮೀ. ರಜೆಯ ಓಡಾಟ ಸೇರಿಸಿದರೆ ವರ್ಷಕ್ಕೆ 12,000 ಕಿ.ಮೀ. ಆಗುತ್ತದೆ. ಬಹುಪಾಲು ಟ್ರಾಫಿಕ್ಕೇ. ಆದರೆ ಮನೆ ಹತ್ತಿರ ಬರುವಾಗ ಗುಡ್ಡ ಬಳಸಿಕೊಂಡು ಹೋಗುವ ಆರು ಕಿ.ಮೀ. ರಸ್ತೆ ಇದೆ. ಅದರಲ್ಲಿ ಎಂಟನೇ ತಿರುವು ಅಂತ ಒಂದಿದೆ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿ, ತಿರುವಿನ ಮಧ್ಯದಲ್ಲಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೆ ಕಾರು ತಾನಾಗಿ ಸುತ್ತಿಕೊಂಡು ಆಚೆ ಬರುತ್ತದೆ. ಇಡೀ ದಿನದ ತಲೆನೋವು ಅಲ್ಲೇ ಇಳಿದುಹೋಗುತ್ತದೆ. ಸುಮ್ನೆ ಹೇಳ್ತಿಲ್ಲ. ಆ ಖುಷಿ ಕಳೆದುಕೊಳ್ಳುವ ಕಾರು ನನಗೆ ಬೇಡ.

ಹಿಂದಿನ ಸೀಟಿನಲ್ಲಿ ಐದು ವರ್ಷದ ಮಗಳು ಕೂರಬೇಕು. ಗೇರ್ ಮ್ಯಾನುಯಲ್ಲೇ ಆಗಬೇಕು. ಮೂರು ಕಾರು ಕಣ್ಣಿಗೆ ಬಿದ್ದಿವೆ:

2012ರ ಹೋಂಡಾ ಫಿಟ್, 1.5 ಲೀಟರ್. ಕೆಲವು ದೇಶಗಳಲ್ಲಿ ಇದಕ್ಕೇ ಜಾಝ್ ಅಂತಾರೆ. 92,000 ಕಿ.ಮೀ. ಓಡಿದೆ, ಒಬ್ಬರದೇ ಕೈ. ಲೀಟರಿಗೆ 17 ಕೊಡುತ್ತೆ ಅಂತಾರೆ.

2013ರ ಸುಜುಕಿ ಸ್ವಿಫ್ಟ್ ಸ್ಪೋರ್ಟ್, 1.6 ಲೀಟರ್, 136 ಎಚ್‌ಪಿ, ಆರು ಗೇರ್. 78,000 ಕಿ.ಮೀ. ಮೂರು ಕೈ ಬದಲಾಗಿದೆ. ಮೈಲೇಜ್ 14 ಅಂತೆ.

ಮೂರನೆಯದು ಒಂದು ಟರ್ಬೊ ಹ್ಯಾಚ್‌ಬ್ಯಾಕ್. ಹೆಸರು ಬೇಡ, ಮಾರುವವರು ಇಲ್ಲೇ ಓದುತ್ತಿದ್ದರೂ ಇರಬಹುದು. ಪಿಕಪ್ ಭಯಂಕರ. ಬೆಲೆ ಮೂರರಲ್ಲೂ ಕಡಿಮೆ. ಯಾಕೆ ಕಡಿಮೆ ಅನ್ನುವುದೇ ಅರ್ಥ ಆಗ್ತಿಲ್ಲ.

ನನ್ನ ಮನಸ್ಸು ಎರಡನೆಯದರ ಮೇಲೆ. ಹೆಂಡತಿಯ ಮನಸ್ಸು ಮೊದಲನೆಯದರ ಮೇಲೆ. ಗೆಳೆಯನೊಬ್ಬ ಮಾತ್ರ ಮಾಝ್ದಾ ಎಂಎಕ್ಸ್-5 ತಗೋ, ಜೀವನದಲ್ಲಿ ಒಂದು ಸಲ ಅಂತ ತಲೆ ತಿನ್ನುತ್ತಿದ್ದಾನೆ. ಅದರಲ್ಲಿ ಇರುವುದೇ ಎರಡು ಸೀಟು, ಮಗಳನ್ನು ಡಿಕ್ಕಿಯಲ್ಲಿ ಕೂರಿಸಲಾ?

ಹಳೇ ಸ್ಪ್ಯಾನರ್:

ಯಾಕೆ ಕಡಿಮೆ ಬೆಲೆ ಅಂತ ಅರ್ಥ ಆಗದಿದ್ದರೆ ಆ ಕಾರು ಬಿಡಿ. ಇಪ್ಪತ್ತಾರು ವರ್ಷದಿಂದ ಕಾರು ಬಿಚ್ಚಿ ಜೋಡಿಸುತ್ತಿದ್ದೇನೆ. ಆದರೂ ನಾನೇ ಒಮ್ಮೆ ಅದೇ ಹಳ್ಳಕ್ಕೆ ಬಿದ್ದಿದ್ದೆ. ಟರ್ಬೊ, ಒಳ್ಳೆ ಬಣ್ಣ, ಅಗ್ಗ. ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ತಾಳ ತಪ್ಪದಂತೆ ನೋಡಿಕೊಳ್ಳುವ ಬೆಲ್ಟ್, ಯಾವಾಗ ಬದಲಿಸಿದ್ದು ಎಂದು ಕೇಳಿದೆ. ‘ಮೊನ್ನೆಮೊನ್ನೆ’ ಅಂದರು. ಬಿಲ್ ಕೇಳಲಿಲ್ಲ. ನಾಲ್ಕನೇ ತಿಂಗಳು ಬೆಲ್ಟ್ ಕಿತ್ತುಹೋಯಿತು. ಪಿಸ್ಟನ್ ಮೇಲೆ ಬಂದಾಗ ವಾಲ್ವ್ ಇನ್ನೂ ತೆರೆದೇ ಇತ್ತು. ಎಂಟು ವಾಲ್ವ್ ಬಾಗಿದವು. ಮೆಕ್ಯಾನಿಕ್ ಆದವನು ಬಿಲ್ ಕೇಳದೆ ಕಾರು ತಂದ ಅಂತ ಈಗಲೂ ಅಂಗಡಿಯ ಹುಡುಗರು ನಗುತ್ತಾರೆ.

ನಿಮ್ಮ ಪಟ್ಟಿಯ ಮೊದಲೆರಡು ಕಾರುಗಳಲ್ಲಿ ಬೆಲ್ಟ್ ಇಲ್ಲ, ಚೈನ್ ಇದೆ. ಆಯಿಲ್ ಸರಿಯಾಗಿ ಬದಲಿಸಿದ್ದರೆ ಚೈನ್ ಬಹಳ ಕಾಲ ಬರುತ್ತದೆ. ಬದಲಿಸದಿದ್ದರೆ ಅದೂ ಸಡಿಲವಾಗಿ ಸದ್ದು ಮಾಡುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಎರಡು ಮೂರು ಸೆಕೆಂಡ್ ಕಿವಿಗೊಡಿ. ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದಂಥ ಸದ್ದು ಬಂದರೆ ವಾಪಸ್ ಬನ್ನಿ.

ಅದಕ್ಕೇ ಬೆಳಿಗ್ಗೆ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ. ಯಾಕೆ ಮಾಡಿದರು ಅನ್ನುವುದಕ್ಕೆ ಒಳ್ಳೆ ಕಾರಣವೂ ಇರಬಹುದು. ನಾನಾದರೆ ಇನ್ನೊಂದು ದಿನ ಬರುತ್ತೇನೆ ಅಂತೀನಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಚಳಿಯಲ್ಲಿ ಸಹಜ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಎಂಜಿನ್ ತಣ್ಣಗಿಡುವ ಕೂಲೆಂಟ್ ಸಿಲಿಂಡರಿನ ಒಳಗೆ ಹೋಗುತ್ತಿದೆ.

ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಕಾರು ನೀರಲ್ಲಿ ನಿಂತಿದ್ದರೆ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟು ತೊಳೆಯುತ್ತಾರೆ, ಮ್ಯಾಟ್ ಬದಲಿಸುತ್ತಾರೆ, ಬೆಲ್ಟ್ ಮರೆತುಬಿಡುತ್ತಾರೆ. ಸೀಟಿನ ಕೆಳಗಿನ ಕಂಬಿಗೆ ತುಕ್ಕು ಹಿಡಿದಿದೆಯಾ, ಅದನ್ನೂ ಬಗ್ಗಿ ನೋಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕೂ ಒಂದೇ ಕಂಪನಿಯದಾ, ಒಂದೇ ಕಾಲದ್ದಾ ನೋಡಿ. ಇದ್ದರೆ ಮಾಲೀಕರು ಕಾರಿನ ಬಗ್ಗೆ ಯೋಚಿಸುವವರು. ನಾಲ್ಕು ದಿಕ್ಕಿಗೆ ನಾಲ್ಕು ಹೆಸರಿದ್ದರೆ ಪಂಕ್ಚರ್ ಆದಾಗ ಮಾತ್ರ ಯೋಚಿಸುವವರು.

ಇನ್ನು ಖುಷಿಯ ಮಾತು. ಎಚ್‌ಪಿ ಹಿಂದೆ ಓಡಬೇಡಿ. ನೀವು ಬರೆದ ಎಂಟನೇ ತಿರುವಿನಲ್ಲಿ ಎಚ್‌ಪಿ ಎಲ್ಲಿದೆ? ಹಗುರ ಕಾರು, ಸರಿಯಾದ ಟೈರು, ಸತ್ತಿರದ ಶಾಕ್ ಅಬ್ಸಾರ್ಬರ್, ಕೈಗೆ ಕಚ್ಚದ ಗೇರು. ಇಷ್ಟೇ. ನಿಮ್ಮ ಗೆಳೆಯ ಹೇಳಿದ ಎಂಎಕ್ಸ್-5, 1989ರಲ್ಲಿ ಬಂದಾಗ ತೂಕ ಒಂದು ಟನ್ನಿಗೂ ಕಡಿಮೆ. ಎಂಜಿನ್ 1.6 ಲೀಟರ್, ಅಂಥ ದೊಡ್ಡ ಶಕ್ತಿಯೇನಲ್ಲ. ಆದರೂ ಲೋಕವೆಲ್ಲ ಅದನ್ನು ಹೊಗಳಿದ್ದು ತಿರುವಿನಲ್ಲಿ. ಟೊಯೊಟಾ ಜಿಟಿ86 ಅನ್ನು 2012ರಲ್ಲಿ ಬಿಟ್ಟಾಗ ಬೇಕೆಂದೇ ಜಾಸ್ತಿ ಹಿಡಿತವಿಲ್ಲದ ಸಾಧಾರಣ ಟೈರು ಹಾಕಿದರು, ಕಡಿಮೆ ವೇಗದಲ್ಲೇ ಕಾರು ಆಡಲಿ ಅಂತ.

ಹತ್ತು ವರ್ಷ ದಾಟಿದ ಬಹುತೇಕ ಕಾರುಗಳಲ್ಲಿ ಶಾಕ್ ಅಬ್ಸಾರ್ಬರ್ ಸೋತಿರುತ್ತದೆ. ನಿಧಾನವಾಗಿ ಸೋಲುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಕೊಳ್ಳುವ ದುಡ್ಡಿನಲ್ಲಿ ಐದರಲ್ಲಿ ಒಂದು ಪಾಲು ಪಕ್ಕಕ್ಕಿಡಿ. ಟೈರು, ಶಾಕ್, ಬ್ರೇಕ್ ಫ್ಲೂಯಿಡ್, ಎಲ್ಲ ಆಯಿಲ್. ಅದನ್ನು ಮಾಡಿಸಿದ ಮೇಲೆ ನಿಮ್ಮ ಫಿಟ್ಟೂ ಎಂಟನೇ ತಿರುವಿನಲ್ಲಿ ನಗುತ್ತದೆ.

ಲೆಕ್ಕದವಳು:

ಸ್ಪ್ಯಾನರ್ ಅಣ್ಣ ಹೇಳಿದ್ದಕ್ಕೆ ನಾನು ಬರೀ ಲೆಕ್ಕ ಸೇರಿಸುತ್ತೇನೆ. ವರ್ಷಕ್ಕೆ 12,000 ಕಿ.ಮೀ. ಅಂದಿರಿ. ಲೀಟರಿಗೆ 17 ಕೊಡುವ ಕಾರಿಗೆ 706 ಲೀಟರ್ ಬೇಕು. 14 ಕೊಡುವುದಕ್ಕೆ 857. ವ್ಯತ್ಯಾಸ ವರ್ಷಕ್ಕೆ 151 ಲೀಟರ್, ತಿಂಗಳಿಗೆ ಹನ್ನೆರಡೂವರೆ. ಇಷ್ಟೇ. ನಿಮ್ಮೂರಿನ ಪೆಟ್ರೋಲ್ ಬೆಲೆಯಿಂದ ಗುಣಿಸಿ, ಆ ಖುಷಿಗೆ ಅಷ್ಟು ಕೊಡಬಹುದಾ ಅಂತ ನೀವೇ ನೋಡಿ.

ಜನ ಮೈಲೇಜ್ ವಿಷಯದಲ್ಲಿ ಎಡವುವುದು ಇಲ್ಲೇ. 10 ಕೊಡುವ ಕಾರು ಬಿಟ್ಟು 12 ಕೊಡುವುದನ್ನು ತಗೊಂಡರೆ ನಿಮ್ಮ ಓಡಾಟಕ್ಕೆ ವರ್ಷಕ್ಕೆ 200 ಲೀಟರ್ ಉಳಿಯುತ್ತದೆ. 20 ಕೊಡುವುದನ್ನು ಬಿಟ್ಟು 24 ಕೊಡುವುದನ್ನು ತಗೊಂಡರೆ ಉಳಿಯುವುದು ಬರೀ 100. ಕೇಳೋಕೆ ಎರಡನೆಯದೇ ದೊಡ್ಡದು ಅನ್ನಿಸುತ್ತೆ ಅಲ್ವಾ?

ಇನ್ನು ಟೈರು. ಆ ಸ್ವಿಫ್ಟ್ ಸ್ಪೋರ್ಟಿಗೆ 17 ಇಂಚಿನ 195/45 ಬರುತ್ತದೆ. ಫಿಟ್ಟಿಗೆ 15 ಅಥವಾ 16 ಇಂಚು. ಅಂಗಡಿಗೆ ಫೋನ್ ಮಾಡಿ ಎರಡರ ಬೆಲೆಯನ್ನೂ ಕೇಳಿ. ಇನ್ಶೂರೆನ್ಸನ್ನೂ ಕಾರು ಕೊಳ್ಳುವ ಮುಂಚೆಯೇ ವಿಚಾರಿಸಿ. ಸ್ಪೋರ್ಟ್ ಅನ್ನುವ ಪದಕ್ಕೆ ಕೆಲವರು ಎಷ್ಟು ಜಾಸ್ತಿ ಹಾಕುತ್ತಾರೆ ಅಂತ ಗೊತ್ತಾದಾಗ ನನಗೆ ನಗು ಬಂದಿತ್ತು. ನಗು ಬರಲಿಲ್ಲ ಅನ್ನಿ.

ಮಾರುವವರು ಹೇಳುವ ಮೈಲೇಜ್ ನಂಬಬೇಡಿ. ಡ್ಯಾಶ್‌ಬೋರ್ಡ್ ತೋರಿಸುವುದೂ ಅಷ್ಟಕ್ಕಷ್ಟೇ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತು ಅನ್ನುವುದೊಂದೇ ಸತ್ಯ.

ಆರನೇ ಗೇರ್:

ಎಲ್ಲರೂ ಸೇರಿ ಪಾಪದ ಮನುಷ್ಯನಿಗೆ ಫಿಟ್ ಕೊಡಿಸುತ್ತಿದ್ದೀರಿ. ಫಿಟ್ ಒಳ್ಳೆ ಕಾರೇ, ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟಿನ ಕೆಳಗಿಟ್ಟು ಹಿಂದೆ ಸೈಕಲ್ ನಿಲ್ಲಿಸುವಷ್ಟು ಜಾಗ ಮಾಡಿದ್ದಾರೆ. ಒಪ್ಪಿದೆ. ಆದರೆ ಸ್ವಿಫ್ಟ್ ಸ್ಪೋರ್ಟ್ ಎಂಜಿನ್ನಿಗೆ ಟರ್ಬೊ ಇಲ್ಲ, ಮೇಲೆ ಹೋದಷ್ಟೂ ಹಾಡುತ್ತದೆ. ತೂಕ ಸುಮಾರು 1,050 ಕೆ.ಜಿ. ಒಮ್ಮೆ ಓಡಿಸಿ ನೋಡಿ, ಆಮೇಲೆ ಲೆಕ್ಕದ ಪುಸ್ತಕ ತೆಗೆಯಿರಿ. ಮನಸ್ಸಿಲ್ಲದೆ ಕೊಂಡ ಕಾರನ್ನು ಎರಡೇ ವರ್ಷಕ್ಕೆ ಮಾರುತ್ತೀರಿ. ಅದಕ್ಕಿಂತ ದುಬಾರಿ ಬೇರೆ ಇಲ್ಲ.

ಎಂಟನೇ ತಿರುವು:

ಎರಡು ವಾರ ಆಯ್ತು, ವರದಿ ಒಪ್ಪಿಸುತ್ತೇನೆ.

ಟರ್ಬೊ ಕಾರಿಗೆ ಗೆಳೆಯನ ಓಬಿಡಿ ಸ್ಕ್ಯಾನರ್ ಹಾಕಿದೆ, ಕಾರಿನ ಕಂಪ್ಯೂಟರ್ ಗುರುತಿಸಿದ ದೋಷಗಳನ್ನು ಓದುವ ಸಾಧನ. ಒಂದೂ ದೋಷ ತೋರಿಸಲಿಲ್ಲ. ಮಾರುವವರು ಹೆಮ್ಮೆಯಿಂದ ನಿಂತಿದ್ದರು. ಕೆಳಗೆ ಇನ್ನೊಂದು ಪುಟ ಇತ್ತು. ಕಾರು ತನ್ನ ಆಕ್ಸಿಜನ್ ಸೆನ್ಸರ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅಂತ ತೋರಿಸುವ ಪುಟ. ಹೆಚ್ಚುಕಡಿಮೆ ಎಲ್ಲದರ ಮುಂದೆಯೂ ‘ಆಗಿಲ್ಲ’ ಅಂತಿತ್ತು. ದೋಷಗಳನ್ನು ಅಳಿಸಿದಾಗ ಅಥವಾ ಬ್ಯಾಟರಿ ತೆಗೆದಾಗ ಹಾಗೆ ಆಗುತ್ತದೆ, ಮತ್ತೆ ಒಂದಷ್ಟು ಓಡಿದ ಮೇಲೇ ತುಂಬಿಕೊಳ್ಳುವುದು. ‘ನಿನ್ನೆ ಬ್ಯಾಟರಿ ಬದಲಿಸಿದ್ರಾ?’ ಅಂದೆ. ಇಲ್ಲ ಅಂದರು. ಬ್ಯಾಟರಿ ಮೇಲೆ ಧೂಳು ಕೂತಿತ್ತು. ಬಾನೆಟ್ ಮುಚ್ಚಿ ಬಂದೆ.

ಸ್ವಿಫ್ಟ್ ಸ್ಪೋರ್ಟ್ ಓಡಿಸಿದೆ. ಆರನೇ ಗೇರ್ ಅವರೇ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಕೈಯೆಲ್ಲ ಬೆವರಿತು, ಖುಷಿಗೆ. ಆದರೆ ಹಿಂದಿನವರು ಯಾರೋ ಸ್ಪ್ರಿಂಗ್ ಕತ್ತರಿಸಿ ಕೆಳಗಿಳಿಸಿದ್ದಾರೆ, ಸೈಲೆನ್ಸರ್ ಬದಲಿಸಿದ್ದಾರೆ. ಹಳೆಯ ಭಾಗಗಳು ಎಲ್ಲಿ ಅಂದರೆ ಮೂರು ಕೈ ಹಿಂದಕ್ಕೆ ಹೋಗಬೇಕು. ಮಗಳು ಹಿಂದಿನ ಸೀಟಿನಲ್ಲಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಕನ್ನಡಿಯಲ್ಲಿ ಅವಳ ಮುಖ ನೋಡಿದ ಮೇಲೆ ನನಗೆ ಹೆಚ್ಚು ಯೋಚಿಸಬೇಕಾಗಲಿಲ್ಲ.

ಫಿಟ್ಟಿನ ಬಾನೆಟ್ ತಣ್ಣಗಿತ್ತು. ಸೀಟ್ ಬೆಲ್ಟ್ ಎಳೆದೆ, ಕೊನೆವರೆಗೂ ಒಂದೇ ಬಣ್ಣ. ನಾನು ಹಾಗೆ ಎಳೆಯುವುದನ್ನು ನೋಡಿ ಮಾಲೀಕರು, ಎಪ್ಪತ್ತರ ಹತ್ತಿರದ ಅಮ್ಮ, ‘ಏನು ಹುಡುಕ್ತಿದೀರಿ?’ ಅಂದರು. ಹೇಳಿದೆ. ಅವರು ಒಳಗೆ ಹೋಗಿ ಒಂದು ನೋಟ್‌ಪುಸ್ತಕ ತಂದರು. ಮೊದಲ ದಿನದಿಂದ ಪೆಟ್ರೋಲ್ ಹಾಕಿಸಿದ ತಾರೀಕು, ಲೀಟರು, ಕಿ.ಮೀ., ಎಲ್ಲ ನೀಲಿ ಇಂಕಿನಲ್ಲಿ. ಆಯಿಲ್ ಬದಲಿಸಿದ ದಿನ ಮಾತ್ರ ಕೆಂಪು. ಮೈಲೇಜ್ 17 ಅಲ್ಲ, ಲೆಕ್ಕ ಹಾಕಿದರೆ ಹದಿನಾರಕ್ಕೆ ಸ್ವಲ್ಪ ಮೇಲೆ. ಅವರು ಸುಳ್ಳು ಹೇಳಿದ್ದಲ್ಲ, ಜಾಹೀರಾತು ಬರೆದದ್ದು ಮೊಮ್ಮಗ.

ಟೈರು ಮಾತ್ರ 3116. ನೆಲಕ್ಕೆ ತಾಗುವ ಗುಂಡಿ ಸವೆದಿಲ್ಲ, ಪಕ್ಕದಲ್ಲಿ ಕೂದಲೆಳೆಯ ಬಿರುಕು. ನಾಲ್ಕು ಟೈರಿನ ದುಡ್ಡು ಬಿಡಿ ಅಂದೆ, ಎರಡರದ್ದು ಬಿಟ್ಟರು. ತಗೊಂಡೆ.

ಎಂಟನೇ ತಿರುವಿನಲ್ಲಿ ಈಗ ದೋಣಿಯ ಹಾಗೆ ಒಂದು ಪಕ್ಕಕ್ಕೆ ವಾಲುತ್ತದೆ. ಗೇರ್ ಮಾತ್ರ ಅದ್ಭುತ, ಎರಡೇ ಬೆರಳು ಸಾಕು. ಹೊಸ ಟೈರು ಈ ವಾರ. ಸ್ಪ್ಯಾನರ್ ಅಣ್ಣ, ಶಾಕ್ ನಾಲ್ಕೂ ಹಾಕಿಸಬೇಕಾ, ಹಿಂದಿನ ಎರಡು ಸಾಕಾ?

ಹಳೇ ಸ್ಪ್ಯಾನರ್:

ನಾಲ್ಕೂ. ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಭಾಗ) ಬಿಚ್ಚುವಾಗ ಮೇಲಿನ ಮೌಂಟೂ ಹೊಸದು ಹಾಕಿಸಿ, ಅದೊಂದಕ್ಕಾಗಿ ಮತ್ತೆ ಬಿಚ್ಚುವ ಕೆಲಸ ಬೇಡ. ಆಮೇಲೆ ಚಕ್ರಗಳ ಅಲೈನ್‌ಮೆಂಟ್. ಹೊಸ ಟೈರು ಹಾಕಿಸಿ ಶಾಕ್ ಕೆಲಸ ಮುಂದಿನ ತಿಂಗಳಿಗೆ ತಳ್ಳಬೇಡಿ, ಸೋತ ಶಾಕ್ ಟೈರನ್ನು ಅಲ್ಲಲ್ಲಿ ತಿನ್ನುತ್ತದೆ. ಇನ್ನೊಂದು, ಕೆಲಸ ಮಾಡುವವರ ಪಕ್ಕದಲ್ಲೇ ನಿಂತಿರಿ. ಕೀಲುಗಳಲ್ಲಿ ಕೂರುವ ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಕಾರು ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಇಲ್ಲದಿದ್ದರೆ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.