ದೀರ್ಘಕಾಲ ಸೇವೆ ಮಾಡಿದ ಸಿದ್ದಿ ಮಹಿಳೆಯೊಬ್ಬರ ನೆನಪನ್ನು ಹೇಗೆ ಉಳಿಸಬಹುದು?

ಪ್ರಶ್ನೆ (ಯಲ್ಲಾಪುರದಿಂದ):
ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ನಮ್ಮೂರಿನ ಹಿರಿಯರೊಬ್ಬರು ಕಳೆದ ತಿಂಗಳು ತೀರಿಕೊಂಡರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ಯಾವ ಹುದ್ದೆಯೂ ಇಲ್ಲದೆ, ಯಾರಿಂದಲೂ ಬಿಡಿಗಾಸು ಪಡೆಯದೆ, ಮಕ್ಕಳನ್ನು ಶಾಲೆಗೆ ಸೇರಿಸುವುದು, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಜಾತಿ ಪ್ರಮಾಣಪತ್ರಕ್ಕಾಗಿ ತಹಶೀಲ್ದಾರರ ಕಚೇರಿಗೆ ಅಲೆಯುವುದು, ಅರಣ್ಯ ಹಕ್ಕಿನ ಅರ್ಜಿ ಬರೆಸುವುದು ಇವನ್ನೆಲ್ಲ ಬದುಕಿನುದ್ದಕ್ಕೂ ಮಾಡಿದವರು. ಭಾವಚಿತ್ರಕ್ಕೆ ಹಾರ ಹಾಕಿ ಗಣ್ಯರಿಂದ ಭಾಷಣ ಮಾಡಿಸೋಣವೆಂದು ಗೆಳೆಯರು ಹೇಳುತ್ತಿದ್ದಾರೆ. ಅಷ್ಟರಿಂದ ಅವರ ಕೆಲಸ ಮುಂದಿನವರಿಗೆ ತಿಳಿದೀತೇ?

ಉತ್ತರ 1 (ಶಿರಸಿಯಿಂದ):
ಮೊದಲು ಮನೆಯವರನ್ನು ಕೇಳಿ. ಸಿದ್ದಿಯರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿರುವುದರಿಂದ, ಸಭೆ ಯಾವುದೋ ಒಂದು ಪದ್ಧತಿಗೆ ಕಟ್ಟುಬೀಳದಂತೆ ನೋಡಿಕೊಳ್ಳಬೇಕು. ಸಿದ್ದಿ ಹೆಂಗಸರ ಡಮಾಮಿ ಕುಣಿತವನ್ನು ಸೇರಿಸುವುದಾದರೆ ಅದೂ ಹೆಣ್ಣುಮಕ್ಕಳ ಒಪ್ಪಿಗೆಯಿಂದಲೇ ಆಗಲಿ; ಅದು ಗಣ್ಯರನ್ನು ಸ್ವಾಗತಿಸುವ ಪ್ರದರ್ಶನವಾಗಬಾರದು. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಿಂದ ಶುರುಮಾಡಿ ಗುಂಗುರು ಕೂದಲಿಗೆ ಬಂದು ಮುಗಿಯುವ ಭಾಷಣಗಳನ್ನು ಬೇಕಾದಷ್ಟು ಕೇಳಿದ್ದೇನೆ. ಅವುಗಳಲ್ಲಿ ತೀರಿಹೋದವರ ಹೆಸರು ಬರುವುದೇ ಕಡಿಮೆ.

ಉತ್ತರ 2 (ಹಳಿಯಾಳದಿಂದ):
ನನ್ನ ದೃಷ್ಟಿಯಲ್ಲಿ ಅವರ ಕೆಲಸದ ದಾಖಲೆಯೇ ನಿಜವಾದ ಗೌರವ. ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಾದ ಮೇಲೂ ಒಂದೊಂದು ಮನೆಗೆ ಪ್ರಮಾಣಪತ್ರ ಕೈಸೇರಲು ಯಾರಾದರೊಬ್ಬರು ಜೊತೆಗೆ ನಡೆಯಬೇಕಿತ್ತು, ಆ ನಡಿಗೆ ಯಾವ ಕಡತದಲ್ಲೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಅರಣ್ಯಭೂಮಿಯ ಸ್ವಾಧೀನವನ್ನು ತೋರಿಸಬೇಕು, ಅದಕ್ಕೆ ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವಾಗಿ ಸಲ್ಲಿಸಬಹುದು. ಅಂಥ ಹೇಳಿಕೆಗಳನ್ನು ಬರೆಸಲು ಅಕ್ಕ ಯಾರ ಯಾರ ಮನೆಗೆ ಹೋಗಿದ್ದರು, ಯಾರ ಅರ್ಜಿ ತಿರಸ್ಕೃತವಾದಾಗ ಮತ್ತೆ ಗ್ರಾಮಸಭೆಯ ಮುಂದೆ ನಿಂತರು ಎಂಬುದನ್ನು, ನೆರವು ಪಡೆದವರ ಬಾಯಿಂದಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಒಂದು ಪ್ರತಿಯನ್ನು ಶಾಲೆಯಲ್ಲೂ ಇನ್ನೊಂದನ್ನು ಪಂಚಾಯಿತಿ ಗ್ರಂಥಾಲಯದಲ್ಲೂ ಇಡಿ.

ಉತ್ತರ 3 (ಅಂಕೋಲೆಯಿಂದ):
ನಮ್ಮ ಹಾಲಕ್ಕಿ ಜನಪದ ಗಾಯಕಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಗುಜರಾತಿನ ಸಿದ್ದಿ ಮಹಿಳೆ ಹೀರಾಬಾಯಿ ಲೋಬಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಬಾರದವರ ಲೆಕ್ಕವನ್ನು ಊರೇ ಇಡಬೇಕು. ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವುದು ಸಿದ್ದಿ ಹೆಂಗಸರ ಕೈಗೆ ಒಲಿದ ಕಲೆ. ಮನೆಯವರು ಒಪ್ಪಿದರೆ, ಅಕ್ಕನಿಂದ ನೆರವು ಪಡೆದ ಮನೆಗಳಿಂದ ಒಂದೊಂದು ತುಂಡು ತಂದು ಒಟ್ಟಾಗಿ ಹೊಲಿಯಬಹುದು.

ಪ್ರಶ್ನೆ ಕೇಳಿದವರು:
ಮಗಳೊಡನೆ ಮಾತಾಡಿದೆ. ಕೌದಿಗೂ ಧ್ವನಿಮುದ್ರಣಕ್ಕೂ ಒಪ್ಪಿದ್ದಾರೆ, ಭಾಷಣ ಬೇಡವೆಂದರು. ಹಿರಿಯರು ಮಾತಾಡುವುದು ಸಿದ್ದಿಯರ ಕೊಂಕಣಿಯಲ್ಲಿ. ಅದನ್ನು ಕೇಳಿ ಕನ್ನಡ ಲಿಪಿಯಲ್ಲಿ ಬರೆದುಕೊಡಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.