ಸಹಾಯ ಬೇಕು: ಸಿಗ್ನಲ್‌ನಲ್ಲಿ ನಿಂತರೆ ಬಿಸಿಯೇರುವ ಹಾಟ್ ರಾಡ್

ಕ್ಯಾಲಿಫೋರ್ನಿಯಾದ ಕನ್ನಡಿಗರಲ್ಲಿ ಹಳೆಯ ಕಾರುಗಳ ಹುಚ್ಚಿರುವವರು ಯಾರಾದರೂ ಇದ್ದೀರಾ? ನನ್ನ ಬಳಿ 1932ರ ಫೋರ್ಡ್ ರೋಡ್‌ಸ್ಟರ್ ಮಾದರಿಯ ಹಾಟ್ ರಾಡ್ (ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿ ಮಾರ್ಪಡಿಸಿದ ಹಳೆಯ ಮಾದರಿಯ ಕಾರು) ಇದೆ. ಅಂದಿನ ಫೋರ್ಡ್ ವಿ8 ಎಂಜಿನ್ 65 ಅಶ್ವಶಕ್ತಿಯದು, ಇದರಲ್ಲಿರುವುದು 6.2 ಲೀಟರಿನ ಷೆವರ್ಲೆ ಎಲ್‌ಎಸ್3, 430 ಅಶ್ವಶಕ್ತಿ! ಹೆದ್ದಾರಿಯಲ್ಲಿ ಒಂದಿಷ್ಟೂ ತಕರಾರಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ತಾಪಮಾನದ ಮುಳ್ಳು ಏರುತ್ತಲೇ ಹೋಗುತ್ತದೆ.

ರೇಡಿಯೇಟರ್ ಹೊಸದು, ಸೋರಿಕೆಯಿಲ್ಲ. ಸಿಲಿಂಡರ್ ಹೆಡ್‌ಗಳಿಂದ ಹಬೆ ಹೊರಬಿಡುವ ಕೊಳವೆಯೂ ಸರಿಯಾಗಿದೆ. ಓಡುವಾಗ ತಣ್ಣಗಿರುವುದರಿಂದ ಫ್ಯಾನಿನ ಮೇಲೆಯೇ ನನ್ನ ಅನುಮಾನ. ಅದಕ್ಕೆ ಶ್ರೌಡ್ (ಗಾಳಿಯೆಲ್ಲ ರೇಡಿಯೇಟರ್ ಮೂಲಕವೇ ಹಾಯುವಂತೆ ಫ್ಯಾನಿನ ಸುತ್ತ ಹಾಕುವ ಕವಚ) ಇಲ್ಲ. ಹಾಕಿಸಿದರೆ ಸಾಕೇ, ಅಥವಾ ಹೆಚ್ಚು ಗಾಳಿ ಎಳೆಯುವ ಫ್ಯಾನೇ ಬೇಕೇ? ಎಂಜಿನ್ ಮುಂದೆ ಅಂಗೈ ಅಗಲದ ಜಾಗವಷ್ಟೇ ಇದೆ. ಆ ಕಿರಿದಾದ ಗ್ರಿಲ್‌ನ ಅಂದ ಕೆಡಿಸುವ ಸಲಹೆ ಮಾತ್ರ ಸುತರಾಂ ಬೇಡ. ಅನುಭವವಿರುವವರು ದಯವಿಟ್ಟು ತಿಳಿಸಿ, ಫೋಟೊ ಕಳುಹಿಸುತ್ತೇನೆ.