ಇಂಗ್ಲಿಷ್ ಕಲಿಕೆ ಆ್ಯಪ್‌ಗಳ ತೃಪ್ತಿ ಸಮೀಕ್ಷೆ: ಆಲ್ಫಾ 0.43 ಬಂದಿದೆ, ಎಲ್ಲಿ ತಪ್ಪಿದೆ?

ಹೇಮಾವತಿ_ದಂಡೆ:
ಎಂ.ಕಾಂ ಪ್ರಾಜೆಕ್ಟ್. ಹಾಸನದ ಪದವಿ ಕಾಲೇಜಿನ 1200 ವಿದ್ಯಾರ್ಥಿಗಳಲ್ಲಿ 300 ಜನರ ಹತ್ತಿರ ಗೂಗಲ್ ಫಾರ್ಮ್ ತುಂಬಿಸಿದ್ದೇನೆ (ಎಷ್ಟು ಜನರನ್ನು ಕೇಳಬೇಕು ಅಂತ ಹೇಳುವ ಯಮಾನೆ ಸೂತ್ರ, ಶೇ 5ರ ದೋಷಮಿತಿ). 12 ಹೇಳಿಕೆ, 5 ಹಂತದ ಲೈಕರ್ಟ್ (ಸಂಪೂರ್ಣ ಒಪ್ಪಿದರೆ 5, ಸಂಪೂರ್ಣ ಒಪ್ಪದಿದ್ದರೆ 1). ಸರಾಸರಿ 4.2, ಆದರೆ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಳತೆ) 0.43. ಗೈಡ್ 0.7 ದಾಟಲೇಬೇಕು ಅಂತಾರೆ. ಮತ್ತೆ ಮೊದಲಿಂದ ತುಂಬಿಸಬೇಕಾ?
ಮೂರು ಹೇಳಿಕೆ ಇಲ್ಲಿವೆ: "ಆ್ಯಪ್ ಬಳಸಲು ಸುಲಭ ಮತ್ತು ಉಪಯುಕ್ತ", "ಜಾಹೀರಾತುಗಳಿಂದ ಕಿರಿಕಿರಿಯಾಗುತ್ತದೆ", "ನನ್ನ ಇಂಗ್ಲಿಷ್ ಸುಧಾರಿಸಿದೆ".

ಅಂಕಿಮೇಷ್ಟ್ರು:
ಬೇಡ, ಮೊದಲು ಶೀಟ್ ತೆಗೀರಿ. ಜಾಹೀರಾತಿನ ಹೇಳಿಕೆ ಉಲ್ಟಾ. ಅಲ್ಲಿ 5 ಅಂದರೆ ಅತೃಪ್ತಿ. ಅಂಥ ಪ್ರತಿ ಕಾಲಂ ಪಕ್ಕ ಹೊಸ ಕಾಲಂ ಹಾಕಿ =6-D2 ಅಂತ ಕೊಟ್ಟು ಕೆಳಗೆ ಎಳೆಯಿರಿ (D ಅಂದರೆ ಆ ಹೇಳಿಕೆಯ ಕಾಲಂ). 5 ಇದ್ದದ್ದು 1 ಆಗುತ್ತೆ.

ಇನ್ನೊಂದು ಅನುಮಾನ. ಉತ್ತರಗಳನ್ನು ಅಂಕಿ ಮಾಡಿದ್ದು ಫೈಂಡ್-ರಿಪ್ಲೇಸ್‌ನಲ್ಲಾ? "ಒಪ್ಪುತ್ತೇನೆ" ಅನ್ನೋದನ್ನ ಮೊದಲು 4 ಮಾಡಿದರೆ "ಸಂಪೂರ್ಣ ಒಪ್ಪುತ್ತೇನೆ" ಅನ್ನೋದು "ಸಂಪೂರ್ಣ 4" ಆಗಿ ಕೂರುತ್ತೆ. ಅದು ಅಂಕಿಯಲ್ಲ, ಅಕ್ಷರ. ಇನ್ನೊಂದು ತುದಿಯ "ಸಂಪೂರ್ಣ ಒಪ್ಪುವುದಿಲ್ಲ" ಕಥೆಯೂ ಇದೇ. ಒಂದು ಸೆಲ್ ಹಾಗಿದ್ದರೂ ಎಸ್‌ಪಿಎಸ್‌ಎಸ್ (ಆಲ್ಫಾ ಲೆಕ್ಕ ಹಾಕೋ ತಂತ್ರಾಂಶ) ಆ ವಿದ್ಯಾರ್ಥಿಯನ್ನೇ ಲೆಕ್ಕದಿಂದ ಬಿಡುತ್ತೆ. ಎರಡು ತುದಿಯ ಉತ್ತರ ಕೊಟ್ಟವರೇ ಹೋದರೆ ಉಳಿದವರೆಲ್ಲ ಮಧ್ಯದವರು, ಏರಿಳಿತ ಕುಗ್ಗಿ ಆಲ್ಫಾ ಬೀಳುತ್ತೆ. ಫಲಿತಾಂಶದ ಮೇಲ್ಗಡೆ 'ವ್ಯಾಲಿಡ್' (ಲೆಕ್ಕಕ್ಕೆ ಬಂದವರು) ಎದುರು ಎಷ್ಟಿದೆ ನೋಡಿ ಹೇಳಿ.

ಗಿರಿಶ್ರೇಣಿ:
"ಸುಲಭ ಮತ್ತು ಉಪಯುಕ್ತ" ಹೇಳಿಕೆಯನ್ನ ರಿಪೇರಿ ಮಾಡೋಕಾಗಲ್ಲ, ಕಿತ್ತುಹಾಕಿ. ಸುಲಭ ಆದರೆ ಉಪಯೋಗ ಇಲ್ಲ ಅನ್ನೋ ಹುಡುಗ ಏನು ಒತ್ತಬೇಕು? ಜನ ತಂತ್ರಜ್ಞಾನವನ್ನ ಯಾಕೆ ಒಪ್ಪಿಕೊಳ್ತಾರೆ ಅಂತ ಅಧ್ಯಯನ ಮಾಡಿದ ಫ್ರೆಡ್ ಡೇವಿಸ್ 1989ರಲ್ಲೇ ಇವೆರಡನ್ನ ಬೇರೆ ಬೇರೆ ಅಳತೆಗೋಲಲ್ಲಿ ಅಳೆದಿದ್ದಾರೆ. ನೀವೂ ಹೇಳಿಕೆಗಳನ್ನ ವಿಷಯವಾರು ಗುಂಪು ಮಾಡಿ, ಪ್ರತಿ ಗುಂಪಿಗೆ ಬೇರೆ ಆಲ್ಫಾ ತೆಗೀರಿ.

"ನನ್ನ ಇಂಗ್ಲಿಷ್ ಸುಧಾರಿಸಿದೆ" ಇರಲಿ, ಆದರೆ ವರದಿಯಲ್ಲಿ 'ಸುಧಾರಿಸಿದೆ ಎಂಬ ಅನಿಸಿಕೆ' ಅಂತಲೇ ಬರೆಯಿರಿ. ನಿಜವಾಗಿ ಸುಧಾರಿಸಿದೆಯೋ ಅಂತ ಹೇಳೋಕೆ ಮೊದಲೊಂದು, ಕೊನೆಗೊಂದು ಪರೀಕ್ಷೆ ಬೇಕು.

ಬೇಲೂರ್_ಬಸ್:
ಆಲ್ಫಾಗಿಂತ ನನಗೆ ಆ 4.2 ಮೇಲೇ ಗುಮಾನಿ. ಒಂದು ವಾರ ನೋಡಿ ಆ್ಯಪ್ ಡಿಲೀಟ್ ಮಾಡಿದವರಿಗೆ ಫಾರ್ಮ್ ಹೋಗಿದೆಯಾ? ಇಲ್ಲದಿದ್ದರೆ ಉಳಿದುಕೊಂಡವರ ತೃಪ್ತಿ ಮಾತ್ರ ಅದು. "ಕಳೆದ 30 ದಿನದಲ್ಲಿ ಎಷ್ಟು ದಿನ ತೆರೆದಿರಿ" ಅನ್ನೋ ಒಂದು ಪ್ರಶ್ನೆ ಇದ್ದಿದ್ದರೆ ಗೊತ್ತಾಗ್ತಿತ್ತು.

ಲ್ಯಾಬಲ್ಲಿ ಮೇಡಂ ಎದುರು ನಿಂತಿರುವಾಗ ತುಂಬಿಸಿದರೆ ಅರ್ಧ ಜನ ಮೇಲಿಂದ ಕೆಳಗೆ ಒಂದೇ ಗುಂಡಿ ಒತ್ತಿರ್ತಾರೆ. ಹಿಡಿಯೋದು ಸುಲಭ: ಉಲ್ಟಾ ಮಾಡುವ *ಮೊದಲಿನ* ಶೀಟಲ್ಲಿ ಸಾಲಿನ ಕೊನೆಗೆ =STDEV.P(B2:M2). ಸೊನ್ನೆ ಅಂದರೆ ಹನ್ನೆರಡಕ್ಕೂ ಒಂದೇ ಉತ್ತರ, ಅವರು ಹೇಳಿಕೆ ಓದೇ ಇಲ್ಲ. ಜಾಹೀರಾತಿಂದ ಕಿರಿಕಿರಿ, ಜತೆಗೆ ಎಲ್ಲದಕ್ಕೂ ಪೂರ್ಣ ತೃಪ್ತಿ, ಎರಡೂ ಕೂಡಲ್ಲ.

ಮಾತಾಡುವ ಅಭ್ಯಾಸದ ಬಗ್ಗೆ ಹೇಳಿಕೆ ಇದ್ದರೆ "ಬಳಸಿಲ್ಲ" ಅನ್ನೋ ಆಯ್ಕೆ ಕೊಟ್ಟಿದ್ದೀರಾ? ಸಕಲೇಶಪುರ, ಬೇಲೂರಿಂದ ಬಸ್ಸಲ್ಲಿ ಓಡಾಡೋರು ತುಂಬಿದ ಬಸ್ಸಲ್ಲಿ ಫೋನಿಗೆ ಇಂಗ್ಲಿಷ್ ವಾಕ್ಯ ಹೇಳ್ತಾರಾ? ಅದನ್ನ ಮುಟ್ಟದವರೂ ಬೇರೆ ದಾರಿಯಿಲ್ಲದೆ 3 ಒತ್ತಿರ್ತಾರೆ. ಅಂದಹಾಗೆ, ಇಂಗ್ಲಿಷ್ ಕಲೀತಿರೋರಿಗೆ ಫಾರ್ಮ್ ಕನ್ನಡದಲ್ಲಿ ಕೊಟ್ಟಿದ್ದು ಒಳ್ಳೇದು ಮಾಡಿದ್ರಿ.

ಹೇಮಾವತಿ_ದಂಡೆ:
@ಅಂಕಿಮೇಷ್ಟ್ರು ಸರ್, ವ್ಯಾಲಿಡ್ 181 ಅಷ್ಟೇ ಇತ್ತು! ಕೆಲವು ಕಾಲಂಗಳಲ್ಲಿ "ಸಂಪೂರ್ಣ 4" ರಾಶಿ ರಾಶಿ ಸಿಕ್ತು. ಸರಿಮಾಡಿ, ಉಲ್ಟಾ ಹೇಳಿಕೆ ತಿರುಗಿಸಿ, ಸೊನ್ನೆ ಬಂದ 22 ಸಾಲು ತೆಗೆದ ಮೇಲೆ 0.74. "ಬಳಸಿಲ್ಲ" ಆಯ್ಕೆ ಕೊಟ್ಟಿರಲಿಲ್ಲ.

ಬೇಲೂರ್_ಬಸ್:
ಹಾಗಾದ್ರೆ ಮಾತಾಡುವ ಅಭ್ಯಾಸದ ಹೇಳಿಕೆ ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ. ಬಿಟ್ಟಿದ್ದು ಯಾಕೆ ಅಂತ ಮಿತಿಗಳ ಭಾಗದಲ್ಲಿ ಎರಡು ಸಾಲು ಬರೀರಿ, ವೈವಾದಲ್ಲಿ ಅದನ್ನೇ ಕೇಳೋದು.